ಅಕ್ಟೋಬರಿನಲ್ಲಿ ಸ್ಕಾಟ್ಲೆಂಡ್: ಕಾಡು ಕೆಂಪು ಜಿಂಕೆಯನ್ನು ಎಲ್ಲಿ, ಹೇಗೆ ನೋಡುವುದು?

ವನಜಾ ಸಾಗರ
ಎಲ್ಲರಿಗೂ ನಮಸ್ಕಾರ. ಮಗಳು ಎಡಿನ್‌ಬರೋದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಕ್ಟೋಬರ್ ಮೊದಲ ವಾರ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಕೋಟೆ, ಅರಮನೆಗಳ ಪಟ್ಟಿಯನ್ನು ಮಗಳು ಆಗಲೇ ಸಿದ್ಧ ಮಾಡಿಟ್ಟಿದ್ದಾಳೆ. ನನಗೆ ನೋಡಬೇಕಾಗಿರುವುದು ಅಲ್ಲಿನ ಕಾಡು ಕೆಂಪು ಜಿಂಕೆ. ಶರಾವತಿ ಕಣಿವೆಯ ಅಂಚಿನಲ್ಲಿ ಬೆಳೆದವಳು ನಾನು, ಕಡವೆಯನ್ನು ಗದ್ದೆಯ ಬದುವಿನಲ್ಲೇ ನೋಡಿದ್ದೇನೆ. ಚಿತ್ರಗಳಲ್ಲಿ ಕೆಂಪು ಜಿಂಕೆಯೂ ಕಡವೆಯ ಅಣ್ಣತಮ್ಮನ ಹಾಗೆಯೇ ಕಾಣುತ್ತದೆ. ನಿಜವಾದ ವ್ಯತ್ಯಾಸವೇನು? ಮರವೇ ಇಲ್ಲದ ಗುಡ್ಡದ ಮೇಲೆ ಅಷ್ಟು ದೊಡ್ಡ ಪ್ರಾಣಿ ಹೇಗೆ ಬದುಕುತ್ತದೆ? ಅರವತ್ತು ದಾಟಿದ ಮೊಣಕಾಲುಗಳಿಗೆ ನಿಲುಕುವ ಜಾಗಗಳನ್ನು ಯಾರಾದರೂ ತಿಳಿಸಿ.

ಇನ್ವರ್ನೆಸ್ ಹರಿ
ಮೇಡಂ, ಸರಿಯಾದ ಕಾಲಕ್ಕೇ ಬರುತ್ತಿದ್ದೀರಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಇಲ್ಲಿ ಅವುಗಳ ಬೆದೆಗಾಲ. ವರ್ಷದ ಉಳಿದ ಭಾಗದಲ್ಲಿ ದುರ್ಬೀನು ಹಿಡಿದು ಇಳಿಜಾರನ್ನೆಲ್ಲ ಜಾಲಾಡಿದರೂ ಕಣ್ಣಿಗೆ ಬೀಳದೆ ಉಳಿಯುವ ಗಂಡುಗಳು ಈಗ ತಾವೇ ಅಬ್ಬರಿಸಿ ಇರುವ ಜಾಗ ಹೇಳುತ್ತವೆ.

ಹೆಸರು ಕೇಳಿ ಕೆಂಪು ಬಣ್ಣವನ್ನು ಹುಡುಕಬೇಡಿ. ಕೆಂಗಂದು ಬಣ್ಣ ಬೇಸಿಗೆಯ ತುಪ್ಪಳದ್ದು. ನೀವು ಬರುವ ಹೊತ್ತಿಗೆ ಬೂದು ಬೆರೆತ ಕಂದಿನ, ದಟ್ಟವಾದ ಚಳಿಗಾಲದ ತುಪ್ಪಳ ಮೂಡುತ್ತಿರುತ್ತದೆ. ಗಂಡಿನ ಕತ್ತು ಊದಿಕೊಂಡಂತೆ ದಪ್ಪಗಾಗಿ, ಸುತ್ತಲೂ ಒರಟು ಕೇಸರ ಬೆಳೆದಿರುತ್ತದೆ. ಅದರ ಮೇಲೆ ಜವುಗಿನ ಕಪ್ಪು ಕೆಸರಿನಲ್ಲಿ ಹೊರಳಿ ಬಂದಿದ್ದರೆ ಎಮ್ಮೆಗಪ್ಪಾಗಿಯೇ ಕಾಣುತ್ತದೆ. ದೂರದಿಂದ ನಂಬಬಹುದಾದ ಗುರುತು ಹಿಂಭಾಗದ್ದು: ಗಿಡ್ಡ ಬಾಲ, ಅದರ ಸುತ್ತ ಕೆನೆಬಣ್ಣದ ಮಚ್ಚೆ. ಗುಡ್ಡದ ಕಂದಿನಲ್ಲಿ ಮೊದಲು ಕಾಣುವುದು ಆ ಮಚ್ಚೆಯೇ.

ಅಳತೆ: ಗಂಡಿನ ಭುಜದೆತ್ತರ ಸುಮಾರು 107ರಿಂದ 137 ಸೆಂ.ಮೀ. ತೂಕ 90ರಿಂದ 190 ಕಿಲೋ. ಹೆಣ್ಣು ಇದಕ್ಕಿಂತ ಹಗುರ, ಅದಕ್ಕೆ ಕೊಂಬಿಲ್ಲ. ತೂಕದ ಅಂತರ ಇಷ್ಟೊಂದು ಇರುವುದಕ್ಕೆ ಕಾರಣವಿದೆ. ಬೋಳು ಗುಡ್ಡದವು ಸಣ್ಣಗೆ, ಕಾಡಿನವು ದೊಡ್ಡದಾಗಿ ಬೆಳೆಯುತ್ತವೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇದರೊಳಗೇ ಇದೆ, ಸಂಜೆ ಬರೆಯುತ್ತೇನೆ.

ಕಬಿನಿ ಹಿನ್ನೀರು
ಕಡವೆಯ ವಿಷಯ ನನಗೆ ಬಿಡಿ. ಮೊದಲು ಕೊಂಬು ನೋಡಬೇಕು. ಬೆಳೆದ ಕಡವೆಗೆ ಒಂದೊಂದು ಕೊಂಬಿನಲ್ಲಿ ಮೂರೇ ತುದಿ: ಹಣೆಯ ಬಳಿ ಒಂದು, ಮೇಲೆ ಕವಲೊಡೆದು ಎರಡು. ವಯಸ್ಸಾದಂತೆ ಕೊಂಬು ದಪ್ಪವಾಗುತ್ತದೆ, ತುದಿಗಳು ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಕೆಂಪು ಜಿಂಕೆಗೆ ಹಣೆಯ ಮೇಲಿನಿಂದ ಶುರುವಾಗಿ ಒಂದರ ಮೇಲೊಂದು ಕವಲು, ತುದಿಯಲ್ಲಿ ಬಟ್ಟಲಿನಾಕಾರದ ಗೊಂಚಲು. ಎರಡೂ ಕೊಂಬು ಸೇರಿ 12 ತುದಿಗಳಿದ್ದರೆ ಅಲ್ಲಿನವರು ಅದನ್ನು ‘ರಾಯಲ್’ ಎಂದು ಕರೆಯುತ್ತಾರೆ.

ಸ್ವಭಾವದಲ್ಲಿ ಅಂತರ ಇನ್ನೂ ಹೆಚ್ಚು. ಕಡವೆ ಒಂಟಿ, ಇಲ್ಲವೇ ತಾಯಿ ಮರಿಗಳ ಸಣ್ಣ ಗುಂಪು. ರಾತ್ರಿ ಸಂಚಾರಿ. ಮರೆ ಬಿಟ್ಟು ಬಂದರೂ ಕಿವಿಯನ್ನು ಕಾಡಿನ ಕಡೆಗೇ ಇಟ್ಟಿರುತ್ತದೆ. ಹುಲಿಯಿರುವ ಕಾಡಿನ ಪ್ರಾಣಿ ಹಾಗಿರಲೇಬೇಕು. ಸ್ಕಾಟ್ಲೆಂಡಿನ ಬಯಲು ಗುಡ್ಡದಲ್ಲಿ ಹೆಣ್ಣುಗಳು ದೊಡ್ಡ ಹಿಂಡಾಗಿ ಹಗಲಿನಲ್ಲೇ ಮೇಯುತ್ತವೆ. ಅಲ್ಲಿನ ಚಿತ್ರ ನೋಡಿದಾಗಲೆಲ್ಲ, ಭಯವನ್ನು ಮರೆತ ಜಿಂಕೆ ಎಂದು ನನಗೆ ಅನಿಸುತ್ತದೆ.

ಇನ್ವರ್ನೆಸ್ ಹರಿ
ಭಯ ಮರೆತಿಲ್ಲ ಸರ್, ಭಯದ ದಿಕ್ಕು ಬದಲಾಗಿದೆ. ಇಲ್ಲಿ ಬಂದೂಕು ಗುಡ್ಡದ ಕೆಳಗಿನಿಂದ ಬರುತ್ತದೆ, ಆದ್ದರಿಂದ ಅವು ಗಾಳಿಯನ್ನು ಬೆನ್ನಿಗಿಟ್ಟು ಕೆಳಗಿನ ಕಣಿವೆಯನ್ನು ನೋಡುತ್ತಾ ಮಲಗುತ್ತವೆ. ಹಿಂದಿನದನ್ನು ಮೂಗು ಕಾಯುತ್ತದೆ, ಮುಂದಿನದನ್ನು ಕಣ್ಣು. ಹಿಂಡನ್ನು ನಡೆಸುವುದು ಅನುಭವಸ್ಥ ಹೆಣ್ಣು. ಅದು ಒಮ್ಮೆ ಒರಟಾಗಿ ಬೊಗಳಿತೆಂದರೆ ಇಡೀ ಹಿಂಡು ತಲೆಯೆತ್ತುತ್ತದೆ.

ಈಗ ಮೇಡಂ ಅವರ ಪ್ರಶ್ನೆ. ಕೆಂಪು ಜಿಂಕೆ ಮೂಲತಃ ಬೋಳು ಗುಡ್ಡದ ಪ್ರಾಣಿಯೇ ಅಲ್ಲ. ಯುರೋಪಿನ ಬಹುಭಾಗದಲ್ಲಿ, ಕಾರ್ಪೇಥಿಯನ್ ಬೆಟ್ಟಗಳಲ್ಲಿ, ಜರ್ಮನಿಯಲ್ಲಿ, ಅದು ಕಾಡು ಮತ್ತು ಕಾಡಂಚಿನ ಪ್ರಾಣಿ. ಹುಲ್ಲನ್ನೂ ತಿನ್ನುತ್ತದೆ, ಚಿಗುರನ್ನೂ ತಿನ್ನುತ್ತದೆ. ಸ್ಕಾಟ್ಲೆಂಡಿನಲ್ಲಿ ಶತಮಾನಗಳಿಂದ ಕಾಡು ಕಡಿದು, ಕುರಿ ಮೇಯಿಸಿ, ಗುಡ್ಡ ಸುಟ್ಟು, 20ನೇ ಶತಮಾನದ ಆರಂಭದ ಹೊತ್ತಿಗೆ ಮರಗಳಿರುವ ನೆಲ ನೂರಕ್ಕೆ ಐದರಷ್ಟೇ ಉಳಿದಿತ್ತು. ಜಿಂಕೆ ಎಲ್ಲಿಗೆ ಹೋಗಬೇಕು? ಹೆದರ್ ಪೊದೆ, ಒರಟು ಹುಲ್ಲು, ಜವುಗು, ಇವುಗಳ ಮೇಲೆಯೇ ಬದುಕುವುದನ್ನು ಕಲಿಯಿತು. ಬೇಸಿಗೆಯಲ್ಲಿ ನುಸಿ, ನೊಣಗಳ ಕಾಟ ತಪ್ಪಿಸಿಕೊಳ್ಳಲು ನೆತ್ತಿಗೆ ಹತ್ತುತ್ತದೆ, ಹಿಮ ಬಿದ್ದಾಗ ಕಣಿವೆಗೆ ಇಳಿಯುತ್ತದೆ. ಹಾಗೆ ಬದುಕಿದ್ದಕ್ಕೆ ತೆತ್ತ ಬೆಲೆ ದೇಹದ ಗಾತ್ರ. ಪ್ರವಾಸಿಗಳು ಫೋಟೋ ತೆಗೆದು ‘ಅಪ್ಪಟ ನಿಸರ್ಗ’ ಎಂದು ಬರೆದುಕೊಳ್ಳುವ ಆ ಬೋಳು ಗುಡ್ಡ ಮನುಷ್ಯ ಮಾಡಿಟ್ಟದ್ದು.

ಮೃದುಲಾ ಹುಬ್ಬಳ್ಳಿ
ಹರಿ ಅವರೇ, ‘ಬಂದೂಕು’ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ! ಸ್ಕಾಟ್ಲೆಂಡಿನಲ್ಲಿ ಎಲ್ಲ ಜಾತಿಯ ಜಿಂಕೆಗಳು ಸೇರಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚನ್ನು ಕೊಲ್ಲುತ್ತಾರೆಂದು ಓದಿದ್ದೇನೆ. ಶ್ರೀಮಂತರು ದುಡ್ಡು ಕೊಟ್ಟು ಗುಂಡು ಹಾರಿಸಿ ಕೊಂಬನ್ನು ಗೋಡೆಗೆ ನೇತುಹಾಕುವುದಕ್ಕೆ ‘ನಿರ್ವಹಣೆ’ ಎಂದು ಹೆಸರಿಟ್ಟರೆ ಅದು ಬೇರೆಯಾಗುತ್ತದೆಯೇ? ಕಾಡು ಕಡಿದದ್ದು ಮನುಷ್ಯ, ಸಾಯುವುದು ಜಿಂಕೆ.

ಇನ್ವರ್ನೆಸ್ ಹರಿ
ಸಂಖ್ಯೆ ಸರಿಯಾಗಿದೆ. ಕೋಪದ ಅರ್ಧವನ್ನೂ ಒಪ್ಪುತ್ತೇನೆ. ಆದರೆ ಉಳಿದರ್ಧ ಕೇಳಿ.

ಇಲ್ಲಿ ತೋಳಗಳು ಸುಮಾರು 17–18ನೇ ಶತಮಾನದಲ್ಲೇ ಅಳಿದುಹೋದವು. ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕು ಅದಕ್ಕೂ ಬಹಳ ಹಿಂದೆ. ಬೆಳೆದ ಜಿಂಕೆಯನ್ನು ಹಿಡಿಯುವ ಪ್ರಾಣಿ ಒಂದೂ ಉಳಿದಿಲ್ಲ. ಚಿನ್ನದ ಗರುಡ, ನರಿ ಎಳೆಮರಿಯನ್ನು ಕೊಲ್ಲಬಹುದು, ಅಷ್ಟೇ. 19ನೇ ಶತಮಾನದಲ್ಲಿ ಜನರನ್ನು ಒಕ್ಕಲೆಬ್ಬಿಸಿ ಕುರಿ ತುಂಬಿಸಿದರು. ಕುರಿಯ ಬೆಲೆ ಕುಸಿದ ಮೇಲೆ ಅದೇ ನೆಲವನ್ನು ಬೇಟೆಯ ಎಸ್ಟೇಟುಗಳನ್ನಾಗಿ ಮಾಡಿದರು. ವಿಕ್ಟೋರಿಯಾ ರಾಣಿಯ ಕುಟುಂಬ 1852ರಲ್ಲಿ ಬಾಲ್ಮೋರಲ್ ಎಂಬ ಎಸ್ಟೇಟನ್ನು ಕೊಂಡ ಮೇಲಂತೂ ಅದು ಮೇಲ್ವರ್ಗದ ಚಟವೇ ಆಯಿತು. ವರ್ಷಕ್ಕೆ ಎಷ್ಟು ಗಂಡು ಹೊಡೆಯಲು ಸಿಗುತ್ತವೆ ಎಂಬುದರ ಮೇಲೆ ಎಸ್ಟೇಟಿನ ಬೆಲೆ ಕಟ್ಟುತ್ತಿದ್ದರು. ಹಾಗಾಗಿ ಮಾಲೀಕರು ಚಳಿಗಾಲದಲ್ಲಿ ಮೇವು ಹಾಕಿ, ಹೆಣ್ಣುಗಳನ್ನು ಉಳಿಸಿ, ಸಂಖ್ಯೆ ಏರಲು ಬಿಟ್ಟರು. ನಿಮ್ಮ ಸಿಟ್ಟು ನಿಜಕ್ಕೂ ತಿರುಗಬೇಕಾದದ್ದು ಅತ್ತ. ಬೇಟೆಯ ಶೋಕಿ ಜಿಂಕೆಯನ್ನು ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಿತು. ಇಂದು ಸ್ಕಾಟ್ಲೆಂಡಿನಲ್ಲಿ ನಾಲ್ಕೂ ಜಾತಿ ಸೇರಿ ಸುಮಾರು ಹತ್ತು ಲಕ್ಷ ಜಿಂಕೆಗಳಿವೆ ಎಂಬ ಅಂದಾಜಿದೆ. 1990ರ ಸುಮಾರಿಗೆ ಇದ್ದದ್ದು ಅದರ ಅರ್ಧ.

ಹೆಚ್ಚಾದರೆ ಏನಾಗುತ್ತದೆ ಎಂದು ನೋಡಲು ಮಾರ್ಚ್, ಏಪ್ರಿಲಿನಲ್ಲಿ ಗುಡ್ಡ ಹತ್ತಬೇಕು. ಚಳಿಗಾಲ ಕಳೆದು ಹೊಸ ಹುಲ್ಲು ಬರುವ ಮೊದಲು, ಕೊಬ್ಬೆಲ್ಲ ಕರಗಿದ ಮರಿಗಳೂ ಮುದಿ ಗಂಡುಗಳೂ ಮಳೆಗೆ ತೊಯ್ದು, ನಡುಗಿ ಸಾಯುತ್ತವೆ. ಅದನ್ನು ಯಾರೂ ಕೊಂದಂತೆ ಲೆಕ್ಕಕ್ಕೆ ಬರುವುದಿಲ್ಲ.

ಕಬಿನಿ ಹಿನ್ನೀರು
ಬಂಡೀಪುರದಲ್ಲಿ ಈ ಕೆಲಸವನ್ನು ಹುಲಿ, ಚಿರತೆ, ಸೀಳುನಾಯಿ ಮಾಡುತ್ತವೆ. ಯಾರೂ ಪರವಾನಗಿ ಕೇಳುವುದಿಲ್ಲ. ತೋಳವನ್ನಲ್ಲದಿದ್ದರೂ ಲಿಂಕ್ಸನ್ನು ಮರಳಿ ತರಬಹುದಲ್ಲ ಹರಿ? ಮನುಷ್ಯ ಕೊಲ್ಲುವುದು ಚಂದದ ಕೊಂಬಿನದನ್ನು, ಬೇಟೆಪ್ರಾಣಿ ಕೊಲ್ಲುವುದು ಕೈಗೆ ಸಿಕ್ಕಿದ್ದನ್ನು. ಅಲ್ಲದೆ ಬೇಟೆಪ್ರಾಣಿ ಇದ್ದರೆ ಜಿಂಕೆ ಒಂದೇ ಕಡೆ ನಿಂತು ಮೇಯುವುದಿಲ್ಲ, ಸಸಿಗಳಿಗೂ ಉಸಿರಾಡಲು ಸಮಯ ಸಿಗುತ್ತದೆ.

ಇನ್ವರ್ನೆಸ್ ಹರಿ
ಚರ್ಚೆ ಬಿಸಿಯಾಗಿಯೇ ಇದೆ. 2025ರ ಜನವರಿಯಲ್ಲಿ ಯಾರೋ ಕೇರ್ನ್‌ಗಾರ್ಮ್ಸ್ ಪ್ರದೇಶದಲ್ಲಿ ಕದ್ದುಮುಚ್ಚಿ ನಾಲ್ಕು ಲಿಂಕ್ಸ್‌ಗಳನ್ನು ಬಿಟ್ಟುಬಿಟ್ಟರು. ಹಿಡಿದರು, ಒಂದು ಸತ್ತಿತು. ಕುರಿ ಸಾಕುವವರ ವಿರೋಧ ಗಟ್ಟಿಯಾಗಿದೆ. ಅದೂ ಅಲ್ಲದೆ ಲಿಂಕ್ಸ್‌ಗೆ ಒಗ್ಗುವುದು ಚಿಕ್ಕ ರೋ ಜಿಂಕೆ. ಬೆಳೆದ ಕೆಂಪು ಗಂಡಿನ ತಂಟೆಗೆ ಅದು ಹೋಗುವುದು ಅಪರೂಪ.

ಬಂದೂಕಿನಿಂದಲೇ ಆಗಿರುವ ಒಂದು ಕೆಲಸ ಹೇಳುತ್ತೇನೆ. ಅದೇ ಕೇರ್ನ್‌ಗಾರ್ಮ್ಸ್‌ನ ಗ್ಲೆನ್‌ಫೆಶಿ ಎಂಬ ಕಣಿವೆಯಲ್ಲಿ 2004ರಿಂದ ಜಿಂಕೆಗಳನ್ನು ತೀವ್ರವಾಗಿ ಕಡಿಮೆ ಮಾಡಿದರು. ಆಗ ಇಲ್ಲೂ ನಿಮ್ಮಂತೆಯೇ ಬೀದಿಗಿಳಿದು ಕೂಗಿದವರಿದ್ದರು ಮೃದುಲಾ ಅವರೇ. ಮುದಿ ಪೈನ್ ಮರಗಳ ಬುಡದಲ್ಲಿ ದಶಕಗಳಿಂದ ಒಂದು ಸಸಿಯೂ ಮೊಣಕಾಲೆತ್ತರ ದಾಟಿರಲಿಲ್ಲ. ಇಂದು ಅಲ್ಲಿ ಬೇಲಿಯ ಹಂಗಿಲ್ಲದೆ ಪೈನ್, ಬರ್ಚ್ ಸಸಿಗಳು ಆಳೆತ್ತರ ಮೀರಿವೆ. ಜಿಂಕೆ ಅಲ್ಲಿ ಈಗಲೂ ಇದೆ, ಕಡಿಮೆ ಸಂಖ್ಯೆಯಲ್ಲಿ, ಮರಗಳ ನಡುವೆ. ಕೆಂಪು ಜಿಂಕೆಯನ್ನು ಅದರ ಸ್ವಂತ ಮನೆಯಲ್ಲಿ ನೋಡಬೇಕೆಂದರೆ ನಾನು ಕಳಿಸುವುದು ಅಲ್ಲಿಗೆ.

ಮೃದುಲಾ ಹುಬ್ಬಳ್ಳಿ
ಕಾಡು ಮರಳಿದ್ದು ಸಂತೋಷ. ಕೊಲ್ಲುವುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಇದನ್ನು ಇಲ್ಲಿಗೇ ನಿಲ್ಲಿಸೋಣ, ವನಜಕ್ಕನ ಪ್ರಶ್ನೆ ದಾರಿ ತಪ್ಪುತ್ತಿದೆ.

ವನಜಾ ಸಾಗರ
ದಾರಿ ತಪ್ಪಿಲ್ಲ ತಂಗಿ, ನನಗೆ ಬೇಕಾದದ್ದೇ ಸಿಗುತ್ತಿದೆ. ಹರಿಯವರೇ, ಆ ಅಬ್ಬರದ ಬಗ್ಗೆ ಇನ್ನಷ್ಟು ಬರೆಯಿರಿ. ಗಂಡುಗಳು ನಿಜಕ್ಕೂ ಹೋರಾಡುತ್ತವೆಯೇ, ಬರೀ ಕೂಗಾಟವೇ?

ಇನ್ವರ್ನೆಸ್ ಹರಿ
ಕೂಗಾಟವೇ ಹೋರಾಟದ ಬಹುಪಾಲು. ಇದರ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಪಶ್ಚಿಮ ಕರಾವಳಿಯ ರಮ್ ಎಂಬ ದ್ವೀಪದಿಂದ ಬಂದದ್ದು. ಆ ದ್ವೀಪದ ಮೂಲ ಜಿಂಕೆಗಳು 18ನೇ ಶತಮಾನದಲ್ಲೇ ಅಳಿದಿದ್ದವು. 1845ರಲ್ಲಿ ಬೇರೆಡೆಯಿಂದ ತಂದು ಬಿಟ್ಟರು. ದ್ವೀಪ 1957ರಲ್ಲಿ ಸರ್ಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆಯ ಕೈಗೆ ಬಂತು. 1970ರ ದಶಕದ ಆರಂಭದಲ್ಲಿ ಉತ್ತರ ಭಾಗದಲ್ಲಿ ಕೊಲ್ಲುವುದನ್ನು ನಿಲ್ಲಿಸಿ, ಟಿಮ್ ಕ್ಲಟನ್ ಬ್ರಾಕ್, ಫಿಯೋನಾ ಗಿನ್ನೆಸ್ ಮುಂತಾದ ಸಂಶೋಧಕರು ಒಂದೊಂದು ಜಿಂಕೆಯನ್ನೂ ಮುಖ ನೋಡಿ ಗುರುತಿಸಿ, ಹುಟ್ಟಿನಿಂದ ಸಾವಿನವರೆಗೆ ದಾಖಲಿಸಲು ತೊಡಗಿದರು. ಆ ದಾಖಲೆ ಅರ್ಧ ಶತಮಾನ ದಾಟಿ ನಡೆದಿದೆ.

ಅವರು ಕಂಡದ್ದು ಹೀಗೆ. ಗಂಡು ನೆಲವನ್ನು ಕಾಯುವುದಿಲ್ಲ, ಹೆಣ್ಣುಗಳ ಗುಂಪನ್ನು ಕಾಯುತ್ತದೆ. ಹೊಸ ಗಂಡೊಂದು ಹತ್ತಿರ ಬಂದರೆ ಮೊದಲು ಇಬ್ಬರೂ ದೂರದಿಂದ ಸರದಿಯಂತೆ ಅಬ್ಬರಿಸುತ್ತಾರೆ. ದಣಿದ ಗಂಡು ಅದೇ ವೇಗದಲ್ಲಿ ಕೂಗಲಾರದು, ಹಾಗಾಗಿ ಕೂಗಿನ ವೇಗವೇ ಬಲದ ಅಳತೆ. ಅನೇಕ ಜಗಳ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಎರಡೂ ಪಕ್ಕಪಕ್ಕದಲ್ಲಿ, ಬಿರುಸು ಹೆಜ್ಜೆಯಲ್ಲಿ, ಸಮಾನಾಂತರವಾಗಿ ಹಿಂದೆಮುಂದೆ ನಡೆಯುತ್ತವೆ. ನೋಡುವವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ, ಆದರೆ ಒಬ್ಬರ ಮೈಕಟ್ಟನ್ನು ಇನ್ನೊಬ್ಬರು ಅಳೆಯುತ್ತಿರುತ್ತಾರೆ. ಆಮೇಲೂ ಯಾರೂ ಹಿಂದೆ ಸರಿಯದಿದ್ದರೆ ಫಕ್ಕನೆ ತಿರುಗಿ ಕೊಂಬಿಗೆ ಕೊಂಬು ಕೊಡುತ್ತಾರೆ. ಆಗ ಆಟವಲ್ಲ. ಕಣ್ಣು ಹೋಗುವುದು, ಕಾಲು ಮುರಿಯುವುದು, ಸಾಯುವುದು, ಎಲ್ಲವೂ ಉಂಟು.

ಈ ವಾರಗಳಲ್ಲಿ ಗುಂಪು ಕಾಯುವ ಗಂಡು ಬಹುತೇಕ ಮೇಯುವುದೇ ಇಲ್ಲ, ಹಗಲುರಾತ್ರಿ ಕಾವಲು. ಮೈತೂಕದ ಐದನೇ ಒಂದು ಭಾಗದಷ್ಟು ಕರಗಿಹೋಗುತ್ತದೆ. ಅಷ್ಟು ಕಷ್ಟಪಟ್ಟರೂ ಹೆಣ್ಣುಗಳು ಅದರ ಮಾತು ಕೇಳುತ್ತವೆಯೇ? ಬೇಕೆನಿಸಿದರೆ ಪಕ್ಕದ ಗುಂಪಿಗೆ ನಡೆದುಬಿಡುತ್ತವೆ. ಯಜಮಾನ ಜಗಳದಲ್ಲಿದ್ದಾಗ ಎಳೆಯ ಗಂಡೊಂದು ನುಸುಳಿ ಕೆಲಸ ಮುಗಿಸಿಕೊಳ್ಳುವುದನ್ನೂ ನಾನು ನೋಡಿ ನಕ್ಕಿದ್ದೇನೆ.

ಮುಧೋಳದ ಪಶುವೈದ್ಯ
ಆ ಅಬ್ಬರದ ಹಿಂದೆ ಅಂಗರಚನೆಯ ಚಮತ್ಕಾರವೊಂದಿದೆ. ಕೆಂಪು ಜಿಂಕೆಯ ಗಂಡಿನ ಧ್ವನಿಪೆಟ್ಟಿಗೆ ಮಾಮೂಲಿಗಿಂತ ಕೆಳಗಿದೆ, ಕೂಗುವಾಗ ಅದನ್ನು ಎದೆಮೂಳೆಯ ಹತ್ತಿರದವರೆಗೂ ಎಳೆದುಕೊಳ್ಳುತ್ತದೆ. ಕೊಳವೆ ಉದ್ದವಾದಷ್ಟೂ ದನಿ ಗಡುಸು, ಕೇಳಿದವರಿಗೆ ಪ್ರಾಣಿ ದೊಡ್ಡದೆನಿಸುತ್ತದೆ. 2001ರಲ್ಲಿ ಇದು ಪ್ರಕಟವಾಗುವವರೆಗೆ, ಕೆಳಗಿಳಿದ ಧ್ವನಿಪೆಟ್ಟಿಗೆ ಮನುಷ್ಯನ ಮಾತಿಗಷ್ಟೇ ಸಂಬಂಧಿಸಿದ್ದೆಂದು ಅನೇಕರು ಹೇಳುತ್ತಿದ್ದರು. ಅಬ್ಬರ ಕೇಳಿಸಿಕೊಂಡ ಹೆಣ್ಣುಗಳು ಬೇಗ ಬೆದೆಗೆ ಬರುತ್ತವೆ ಎಂಬುದೂ ಪ್ರಯೋಗದಿಂದ ಗೊತ್ತಾಗಿದೆ.

ಕೊಂಬಿನ ವಿಷಯವನ್ನೂ ಸೇರಿಸುತ್ತೇನೆ. ಇದು ಎತ್ತಿನ ಕೊಂಬಿನಂತೆ ಒಮ್ಮೆ ಬಂದು ಉಳಿಯುವುದಲ್ಲ, ಇಡೀ ಮೂಳೆ. ಮಾರ್ಚ್, ಏಪ್ರಿಲಿನಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಇಳಿದಾಗ ಬುಡದಲ್ಲಿ ಸಡಿಲಾಗಿ ಉದುರುತ್ತದೆ. ತಕ್ಷಣವೇ ಹೊಸದು ಶುರುವಾಗುತ್ತದೆ. ಬೆಳೆಯುವಾಗ ಅದರ ಮೇಲೆ ರಕ್ತನಾಳ ತುಂಬಿದ, ಮಖಮಲ್ಲಿನಂಥ ಚರ್ಮವಿರುತ್ತದೆ. ಮುಟ್ಟಿದರೆ ಬಿಸಿ. ದಿನಕ್ಕೆ ಒಂದೆರಡು ಸೆಂ.ಮೀ. ಬೆಳೆಯುವ ಮೂಳೆ ಪ್ರಾಣಿಲೋಕದಲ್ಲಿ ಬೇರೆ ಸಿಗುವುದು ಕಷ್ಟ. ಸುಣ್ಣದಂಶ ಸಾಲದೆ ತನ್ನದೇ ಪಕ್ಕೆಲುಬುಗಳಿಂದ ಸಾಲ ತೆಗೆಯುತ್ತದೆ. ಆಗಸ್ಟಿನಲ್ಲಿ ಹಗಲು ಕಿರಿದಾಗುತ್ತಾ ಟೆಸ್ಟೋಸ್ಟಿರೋನ್ ಏರಿದಾಗ ಮೇಲಿನ ಚರ್ಮ ಸತ್ತು, ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಮಣ್ಣಿನ, ಗಿಡದ ರಸದ ಕಲೆ ಹತ್ತಿ ಕೊಂಬು ಕಂದಾಗುತ್ತದೆ.

ಕಬಿನಿ ಹಿನ್ನೀರು
ಸುಣ್ಣದಂಶದ ಮಾತು ಬಂತಲ್ಲ, ರಮ್ ದ್ವೀಪದ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಅಲ್ಲಿನ ಬೆಟ್ಟದಲ್ಲಿ ಬಿಲ ತೋಡಿ ಗೂಡು ಮಾಡುವ ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳಿವೆ. ಕೆಂಪು ಜಿಂಕೆಗಳು ಅವುಗಳ ಮರಿಗಳ ತಲೆಯನ್ನು, ಕಾಲನ್ನು ಕಚ್ಚಿ ತಿನ್ನುವುದನ್ನು 1980ರ ದಶಕದಲ್ಲೇ ವಿಜ್ಞಾನಿಗಳು ದಾಖಲಿಸಿದ್ದಾರೆ. ಹುಲ್ಲಿನಲ್ಲಿ ಸಿಗದ ಖನಿಜಕ್ಕಾಗಿ! ಮೃದುಲಾ ಅವರು ಕೋಪಿಸಿಕೊಳ್ಳಬಾರದು, ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡನ್ನು ಜಿಂಕೆಯ ಕತ್ತಿನಿಂದ ತೆಗೆಯುವ ಕಾಲ ಬಂದಿದೆ.

ಮೃದುಲಾ ಹುಬ್ಬಳ್ಳಿ
ನಮ್ಮ ಮನೆಯ ಹಸುವೂ ಒಮ್ಮೊಮ್ಮೆ ಮೂಳೆ ಕಡಿಯುತ್ತಿತ್ತು. ನನಗೆ ಆಘಾತವೇನೂ ಆಗಲಿಲ್ಲ ಸರ್.

ಮಡಿಕೇರಿ ಸುಬೇದಾರ್
ನಿವೃತ್ತ ಸೈನಿಕ ನಾನು. ಕಾಶ್ಮೀರದಲ್ಲಿ ಸೇವೆಯಲ್ಲಿದ್ದಾಗ ದಾಚಿಗಾಮ್ ಕಾಡಿನ ಹಂಗುಲ್ ಜಿಂಕೆಯನ್ನು ನೋಡಿದ್ದೇನೆ. ಹಳೆಯ ಪುಸ್ತಕಗಳಲ್ಲಿ ಅದನ್ನು ಕೆಂಪು ಜಿಂಕೆಯ ಒಂದು ಉಪಜಾತಿ ಎಂದೇ ಬರೆದಿರುತ್ತಿದ್ದರು. ವನಜಮ್ಮ ಸ್ಕಾಟ್ಲೆಂಡಿಗೆ ಹೋಗಿ ಬಂದ ಮೇಲೆ ಶ್ರೀನಗರಕ್ಕೂ ಹೋಗಬೇಕು ಎನ್ನುವುದು ನನ್ನ ಒತ್ತಾಯ. ಪೇಟೆಯಿಂದ ಇಪ್ಪತ್ತೆರಡು ಕಿಲೋಮೀಟರ್ ಆಸುಪಾಸು. ಅದೂ ಇದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೂಗುತ್ತದೆ, ಚಿನಾರ್ ಎಲೆ ಕೆಂಪಾಗುವ ಹೊತ್ತಿಗೆ.

ಕಬಿನಿ ಹಿನ್ನೀರು
ಸುಬೇದಾರರು ಒಳ್ಳೆಯ ಮಾತು ಹೇಳಿದರು. ವಂಶವಾಹಿ ಅಧ್ಯಯನಗಳ ನಂತರ ಈಗ ಹಂಗುಲ್ ಹಾಗೂ ಮಧ್ಯ ಏಷ್ಯಾದ ಅದರ ಬಂಧುಗಳನ್ನು ಪ್ರತ್ಯೇಕ ಪ್ರಭೇದವಾಗಿ ಎಣಿಸುತ್ತಾರೆ. ಅಮೆರಿಕದ ವಾಪಿಟಿ ಜಿಂಕೆಯೂ ಹಾಗೆಯೇ ಬೇರೆಯಾಗಿದೆ. 20ನೇ ಶತಮಾನದ ಆರಂಭದಲ್ಲಿ ಕಾಶ್ಮೀರದಲ್ಲಿ ಹಂಗುಲ್ ಮೂರರಿಂದ ಐದು ಸಾವಿರ ಇದ್ದವೆಂಬ ಅಂದಾಜಿದೆ. 2023ರ ಗಣತಿಯಲ್ಲಿ ಸಿಕ್ಕಿದ್ದು 289. ಒಂದೇ ಕುಲದ ಪ್ರಾಣಿ ಒಂದು ಕಡೆ ವರ್ಷಕ್ಕೆ ಸಾವಿರಾರು ಕೊಂದರೂ ಕರಗುತ್ತಿಲ್ಲ, ಇನ್ನೊಂದು ಕಡೆ ಚಿರತೆಗೆ ಸಿಕ್ಕ ಒಂದು ಮರಿಯೂ ಲೆಕ್ಕಕ್ಕೆ ಬರುತ್ತದೆ. ಕಾಶ್ಮೀರದಲ್ಲಿ ಬೇಸಿಗೆಯ ಎತ್ತರದ ಹುಲ್ಲುಗಾವಲುಗಳನ್ನು ಕುರಿ ಮಂದೆಗಳು ಆಕ್ರಮಿಸಿವೆ, ಹೆಣ್ಣುಗಳ ಜತೆ ಕಾಣುವ ಮರಿಗಳು ಕಡಿಮೆ. ಸ್ಕಾಟ್ಲೆಂಡಿನ ವಾದವನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಬಾರದೆಂದು ಇದನ್ನು ಬರೆದೆ.

ವನಜಾ ಸಾಗರ
ದಾಚಿಗಾಮ್ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ ಸುಬೇದಾರರೇ. ಈಗ ಕೊನೆಯ ಕೆಲವು ಪ್ರಶ್ನೆಗಳು. ಹೆಚ್ಚು ಹತ್ತದೆ ಎಲ್ಲಿ ನೋಡಬಹುದು? ಮರಿಗಳು ಕಾಣುತ್ತವೆಯೇ? ನಮ್ಮ ಕಡೆಯ ಹಾಗೆ ಉಣುಗಿನ ಕಾಟ ಇದೆಯೇ? ಉದುರಿದ ಕೊಂಬು ಸಿಕ್ಕರೆ ಮೊಮ್ಮಗನಿಗೆ ತರಬಹುದೇ?

ಇನ್ವರ್ನೆಸ್ ಹರಿ
ಜಾಗ: ಬ್ಯಾಲಟರ್ ಊರಿನ ಬಳಿಯ ಗ್ಲೆನ್ ಮ್ಯುಕ್ ನನ್ನ ಮೊದಲ ಆಯ್ಕೆ. ಕಾರು ನಿಲ್ಲಿಸುವ ಜಾಗದಿಂದ ಸರೋವರದ ಕಡೆಗೆ ಸಮತಟ್ಟು ದಾರಿ, ಎರಡೂ ಬದಿಯ ಇಳಿಜಾರಿನಲ್ಲಿ ಹಿಂಡುಗಳು. ಇನ್ನೊಂದು ಆರನ್ ದ್ವೀಪದ ಲೊಕ್‌ರಾಂಜಾ. ಅಲ್ಲಿ ಗಂಡುಗಳು ಊರೊಳಗಿನ ಗಾಲ್ಫ್ ಮೈದಾನಕ್ಕೇ ಬಂದು ಅಬ್ಬರಿಸುತ್ತವೆ. ಬೆಳಗಿನ ಮೊದಲ ಬೆಳಕು ಅಥವಾ ಸಂಜೆ ಹೋಗಿ. ಗಾಳಿ ನಿಮ್ಮ ಮುಖಕ್ಕೆ ಬೀಸುವಂತಿರಲಿ. ಐವತ್ತು ಮೀಟರಿಗಿಂತ ಹತ್ತಿರ ಬೇಡ, ಹೆಣ್ಣುಗಳ ಮತ್ತು ಗಂಡಿನ ನಡುವೆ ಎಂದೂ ನಿಲ್ಲಬೇಡಿ. ಗ್ಲೆನ್ ಕೋ ಕಡೆ ಕೆಲವು ಗಂಡುಗಳು ಪ್ರವಾಸಿಗರ ಬಿಸ್ಕತ್ತಿಗೆ ಒಗ್ಗಿ ಕಾರಿನ ಬಳಿಗೇ ಬರುತ್ತವೆ. ಅದು ಜಿಂಕೆಗೂ ಒಳ್ಳೆಯದಲ್ಲ, ನಿಮಗೂ ಅಲ್ಲ. ಅಕ್ಟೋಬರ್ 20ರವರೆಗೆ ಗಂಡುಗಳ ಬೇಟೆ ಜೋರಾಗಿರುತ್ತದೆ, ಗುಡ್ಡದ ಬಾಗಿಲಲ್ಲಿ ಹಾಕಿರುವ ಸೂಚನೆ ಓದಿ. ರೂಢಿಯಂತೆ ಭಾನುವಾರ ಬೇಟೆ ಇರುವುದಿಲ್ಲ.

ಮರಿ: ಹುಟ್ಟುವುದು ಮೇ ಕೊನೆ, ಜೂನ್. ಆರೇಳು ಕಿಲೋ, ಬೆನ್ನ ಮೇಲೆ ಬಿಳಿ ಚುಕ್ಕೆ. ಮೊದಲ ದಿನಗಳಲ್ಲಿ ತಾಯಿ ಅದನ್ನು ಪೊದೆಯಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ, ಹಾಲುಣಿಸಲಷ್ಟೇ ಬರುತ್ತದೆ. ನೀವು ಬರುವಾಗ ಚುಕ್ಕೆಯೆಲ್ಲ ಮಾಸಿ, ತಾಯಿಯ ಪಕ್ಕದಲ್ಲೇ ಓಡಾಡುತ್ತಿರುತ್ತದೆ. ಬಿಸಿಲೇರುತ್ತಿರುವ ಈ ಕಾಲದಲ್ಲಿ ರಮ್ ದ್ವೀಪದ ಹೆಣ್ಣುಗಳು 1980ರ ದಶಕಕ್ಕಿಂತ ದಶಕಕ್ಕೆ ಸುಮಾರು ಮೂರು ದಿನದಂತೆ ಬೇಗ ಈಯುತ್ತಾ ಬಂದಿವೆ.

ಮುಧೋಳದ ಪಶುವೈದ್ಯ
ಉಣುಗು ಇದೆ ಮೇಡಂ. 1957ರಲ್ಲಿ ಸೊರಬದ ಕ್ಯಾಸನೂರಿನಿಂದ ಹೆಸರು ಪಡೆದ ಮಂಗನ ಕಾಯಿಲೆಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ಉಣುಗಿನಿಂದ ಬರುವುದು ಬೇರೆ ಕಾಯಿಲೆ, ಲೈಮ್. ಆ ರೋಗಾಣುವನ್ನು ಹೊತ್ತಿರುವುದು ಮುಖ್ಯವಾಗಿ ಇಲಿಯಂಥ ಸಣ್ಣ ಪ್ರಾಣಿಗಳು. ಬೆಳೆದ ಉಣುಗಿಗೆ ರಕ್ತ ಕೊಟ್ಟು ಅದರ ಸಂಖ್ಯೆ ಹೆಚ್ಚಿಸುವುದು ಜಿಂಕೆಯ ಪಾತ್ರ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕೋಣೆಗೆ ಬಂದ ಮೇಲೆ ಮೈ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟಿಯಿಂದ ಚರ್ಮದ ಮಟ್ಟದಲ್ಲೇ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಬೇಡ. ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಹರಡಿದರೆ ವೈದ್ಯರಿಗೆ ತೋರಿಸಿ.

ಕೊಂಬು ತರಬೇಡಿ. ಅಕ್ಟೋಬರಿನಲ್ಲಿ ಉದುರಿದ್ದು ಸಿಗುವುದೇ ಅಪರೂಪ. ವಸಂತದಲ್ಲಿ ಬಿದ್ದದ್ದನ್ನು ಜಿಂಕೆಗಳೇ ಸುಣ್ಣದಂಶಕ್ಕಾಗಿ ಕಡಿದು ಅರ್ಧ ಮುಗಿಸಿರುತ್ತವೆ. ಸಿಕ್ಕರೂ ಜಮೀನಿನ ಮಾಲೀಕರ ಅನುಮತಿ ಬೇಕು, ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಅದು ಯಾವ ಪ್ರಾಣಿಯ ಕೊಂಬೆಂದು ವಿವರಿಸುತ್ತಾ ನಿಲ್ಲಬೇಕು. ಮೊಮ್ಮಗನಿಗೆ ಅಬ್ಬರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತನ್ನಿ, ಗಾಳಿಯ ಸದ್ದು ಬೀಳದಂತೆ ಮೈಕಿಗೆ ಉಣ್ಣೆಯ ಕೈಗವಸು ಸುತ್ತಿಕೊಳ್ಳಿ.

ವನಜಾ ಸಾಗರ
ಗ್ಲೆನ್ ಮ್ಯುಕ್‌ಗೆ ಮಗಳು ಕಾರು ಗೊತ್ತುಮಾಡಿದ್ದಾಳೆ. ಭಾನುವಾರವೇ.